ಡಬ್ಬಿ ಕೆಂಪು, ಹುಳಿ ಗಡಿಗೆ

ಮಳವಳ್ಳಿಯ ಮಗ್ಗದ ಬೀದಿಯಲ್ಲಿ ಅವತ್ತು ಬೆಳಿಗ್ಗೆ ಕರಿಯಯ್ಯನ ಕುಂಚ ಮುಂದೆ ಮುಂದೆ ಹೋದ ಹಾಗೆ ಅದರ ಹಿಂದಿನ ಕೆಂಪು ಸಾಯುತ್ತಾ ಬಂತು.

ಬೀದಿಯ ಈ ತುದಿಯ ಗೂಟದಿಂದ ಆ ತುದಿಯ ಗೂಟಕ್ಕೆ ಹಾಸಿನ ನೂಲನ್ನು ಎಳೆದು ಕಟ್ಟಿದ್ದರು. ಮಗ್ಗಕ್ಕೆ ಏರಿಸುವ ಮುಂಚೆ ಈ ಉದ್ದದ ನೂಲಿಗೆ ಗಂಜಿ ಕುಡಿಸಬೇಕು. ಇಲ್ಲದಿದ್ದರೆ ಲಾಳಿ ಓಡಾಡುವಾಗ ಎಳೆ ಹಿಂಜಿಕೊಂಡು ತುಂಡಾಗುತ್ತದೆ. ಬಿಸಿಲೇರುವ ಮುಂಚೆ ಮುಗಿಸಬೇಕಾದ ಆ ಕೆಲಸವನ್ನು ಕರಿಯಯ್ಯ ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಅದರಲ್ಲೂ ಈ ಹಾಸಿನಲ್ಲಿ ಅವನ ಮಗಳು ಬೆಳ್ಳಮ್ಮನ ಧಾರೆ ಸೀರೆ ಇತ್ತು.

ನೂಲು ನೆನೆದಿದ್ದಕ್ಕೆ ಹಾಗೆ ಕಾಣುತ್ತಿದೆ ಎಂದು ಅವನು ಮೊದಲು ಅಂದುಕೊಂಡ. ಒದ್ದೆ ನೂಲು ಒಣ ನೂಲಿಗಿಂತ ಗಾಢವಾಗಿ ಕಾಣುವುದು ಅವನಿಗೆ ಹೊಸದಲ್ಲ. ಆದರೆ ಇದು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಇನ್ನೊಂದೆರಡು ಮಾರು ಹೋಗುವಷ್ಟರಲ್ಲಿ ಹಿಂದಿನದೆಲ್ಲ ಮಸಿ ಬಟ್ಟೆಯ ಹಾಗಾಗಿತ್ತು. ಕುಂಚ ನಿಲ್ಲಿಸೋಣವೆಂದರೆ ಅರ್ಧ ಗಂಜಿ ಕುಡಿದ ಹಾಸು ಎಳೆಗೆ ಎಳೆ ಅಂಟಿಕೊಂಡು ಯಾವುದಕ್ಕೂ ಬಾರದಂತಾಗುತ್ತದೆ. ಅವನು ಹಲ್ಲು ಕಚ್ಚಿಕೊಂಡು ಆ ತುದಿಯವರೆಗೂ ಎಳೆದ. ಮಗಳ ಸೀರೆಯನ್ನು ತನ್ನ ಕೈಯಾರೆ ಕಪ್ಪು ಮಾಡುತ್ತಾ ಹೋದ ಹಾಗಾಯಿತು.

ಜಗಲಿಯ ಮೇಲೆ ಗಂಜಿಯ ಗಡಿಗೆ ಹಿಡಿದು ಕೂತಿದ್ದ ಅವನ ತಾಯಿ ಚಿಕ್ಕಬೋರಮ್ಮನಿಗೆ ದೂರದ್ದು ಅಷ್ಟಾಗಿ ಕಾಣದು. ಆದರೂ ಇದು ಕಂಡಿತು.

"ಲೇ ಕರಿಯ, ಏನ್ಲಾ ಅದು?"

"ಕಾಣಕ್ಕಿಲ್ವೇನವ್ವ? ಕರ್ರಗಾಯ್ತಾ ಐತೆ."

"ಧಾರೆ ಸೀರೆ ಕಣ್ಲಾ ಅದು! ಕರೀ ನೂಲು ಬಿದ್ದ ಸೀರೆ ಉಡ್ಸಿ ಮಗೀನ ಗಂಡನ ಮನೆಗೆ ಕಳುಸ್ತೀಯಾ?"

"ನನ್ನ ಮೇಲೆ ಯಾಕವ್ವ ರೇಗ್ತೀಯ? ಬಣ್ಣ ಆಕ್ದೋಳ್ನ ಕೇಳು."

ಬಣ್ಣ ಹಾಕಿದವಳನ್ನು ಕರೆಸಿದರು.

ಜೈನಾಬ್ ಬೀ ಬರುವಷ್ಟರಲ್ಲಿ ಇಡೀ ಬೀದಿ ಹಾಸಿನ ಎರಡೂ ಪಕ್ಕದಲ್ಲಿ ನಿಂತಿತ್ತು. ತಲೆಯ ಮೇಲೆ ಸೆರಗು, ಮಣಿಕಟ್ಟಿನವರೆಗೂ ಕೆಂಪಾದ ಕೈಗಳು. ಹಿಂದೆ ಹದಿನಾರರ ಮಗಳು ಸುಲ್ತಾನ್ ಬೀ. ಗಂಡ ಹುಸೇನ್ ಸಾಬರು ಹೋದ ರಂಜಾನಿಗೆ ಮುಂಚೆ ತೀರಿಕೊಂಡಿದ್ದರು. ಅವರ ಅಪ್ಪನ ಕಾಲದಿಂದಲೂ ಈ ಬೀದಿಯ ನೂಲು ಆ ಮನೆಯ ಒಲೆಗೇ ಹೋಗುತ್ತಿತ್ತು. ಅವರು ಹೋದ ಮೇಲೆ, ಒಬ್ಬಳೇ ಹೆಂಗಸು ಹಂಡೆ ಎತ್ತಿಳಿಸಿ ಬಣ್ಣ ಕಾಯಿಸುತ್ತಾಳೆಯೇ ಎಂಬ ಮಾತು ಬಂತು. ಬೀದಿಯ ಯಜಮಾನನಾದ ಕರಿಯಯ್ಯನೇ ಎಲ್ಲರ ಎದುರಿಗೆ ತೀರ್ಮಾನ ಮಾಡಿದ್ದ: ಈ ಒಂದು ಹಾಸು ಅವಳೇ ಅದ್ದಲಿ, ಚೆನ್ನಾಗಿ ಬಂದರೆ ಬೀದಿಯ ನೂಲು ಅವಳದೇ, ಕೆಟ್ಟರೆ ಎಲ್ಲ ನೂಲೂ ಕೊಳ್ಳೇಗಾಲದ ಬಣ್ಣದವರಿಗೆ.

"ಏನ್ ಬೂಬಮ್ಮ, ಇದೇನಾ ನೀನು ಕೊಟ್ಟ ಕೆಂಪು?" ಕರಿಯಯ್ಯ ಕುಂಚದಿಂದಲೇ ತೋರಿಸಿದ.

ಅವಳು ಹಾಸಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದಳು.

"ನಾನು ಕೊಟ್ಟಿದ್ದು ಕೆಂಪೇ, ಕರಿಯಣ್ಣ. ನೀವೇ ನಿನ್ನೆ ಬೆಳಕಿಗೆ ಹಿಡಿದು ನೋಡಿ ತಗೊಂಡ್ರಲ್ಲ."

"ನಿನ್ನೆ ಕೆಂಪು, ಇವತ್ತು ಕಪ್ಪು. ಗೋಸುಂಬೆ ಏನಾದ್ರೂ ಮಾರ್ದಾ ನಂಗೆ?"

ನಿಂತವರು ನಕ್ಕರು. ಚಿಕ್ಕಬೋರಮ್ಮ ನಗಲಿಲ್ಲ.

"ಉಸೇನ್ ಸಾಬ್ರ ಕೆಂಪು ಸೀರೆ ಅರಿದು ಕೌದಿ ಒಲ್ದ್ರೂ ಕೆಂಪಾಗೇ ಇರ್ತಿತ್ತು. ಆ ಕೈಗುಣ ಅವರ ಜೊತೇಲೇ ಮಣ್ಣಿಗೋಯ್ತು, ಬುಡು."

"ಮಣ್ಣಿಗೆ ಹೋಗಿದ್ದು ಅವರು, ಅವ್ವ. ಒಲೆ ಹಂಗೇ ಇದೆ."

"ಒಲೆ ಆರ್ಸು," ಎಂದ ಕರಿಯಯ್ಯ. "ನಾಳೆ ಬೆಳಗ್ಗೆ ಗಾಡಿ ಕೊಳ್ಳೇಗಾಲಕ್ಕೆ ಓಯ್ತದೆ. ಬೀದಿ ನೂಲೆಲ್ಲ ಮೂಟೆ ಕಟ್ಟಿ ಏರ್ಸ್ತೀವಿ. ನಾನು ಮೊದ್ಲೇ ಏಳಿದ್ದೆ, ನೀನೂ ಊ ಅಂದಿದ್ದೆ."

"ಅಂದಿದ್ದೆ. ಗಾಡಿ ನಾಳೆ ತಾನೇ? ಸಂಜೆ ಒಳಗೆ ಬತ್ತೀನಿ. ಅಲ್ಲೀವರೆಗೂ ಹಾಸು ಬಿಚ್ಚಬೇಡಿ. ಬಾಲದ ಕಡೆಯಿಂದ ನಾಲ್ಕು ಎಳೆ ಕೊಡಿ."

"ಬಿಚ್ಚಿ ಎಲ್ಲಿಗೆ ತಗೊಂಡೋಗ್ಲಿ? ಈ ಕರೀ ಆಸು ಒಳಕ್ಕೆ ಬಂದ್ರೆ ಅವ್ವ ನನ್ನೇ ಆಚೆ ಆಕ್ತಾಳೆ."

ಕರಿಯಯ್ಯ ಗೂಟದ ಹತ್ತಿರ ಬಾಲದ ಹಾಗೆ ಉಳಿದಿದ್ದ ಕಪ್ಪು ಎಳೆಗಳಿಂದ ನಾಲ್ಕು ತುಂಡು ಕತ್ತರಿಸಿ ಕೊಟ್ಟ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟಳು.

ಹುಸೇನ್ ಸಾಬರದು ಬೇರಿನ ಕೆಂಪು. ನೂಲನ್ನು ಅಳಲೆಕಾಯಿಯ ನೀರಲ್ಲಿ ನೆನೆಸಬೇಕು, ಒಣಗಿಸಬೇಕು, ಪಟಿಕದ ನೀರಲ್ಲಿ ಅದ್ದಬೇಕು, ಮತ್ತೆ ಒಣಗಿಸಿ ಬೇರಿನ ಕಷಾಯದಲ್ಲಿ ಬೇಯಿಸಬೇಕು. ಬಣ್ಣ ಸಾಲದೆಂದರೆ ಮತ್ತೆ ಮೊದಲಿಂದ. ತಿಂಗಳು ಹಿಡಿಯುತ್ತಿತ್ತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಕಬ್ಬಿನ ಕಡೆಯ ಮದುವೆಗಳಿಗೆಲ್ಲ ಕೆಂಪು ಸೀರೆ ಕೇಳುವವರು ಹೆಚ್ಚಾದರು. ತಿಂಗಳು ಕಾಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಬೇರೂ ಮೊದಲಿನ ಹಾಗೆ ಸಿಗುತ್ತಿರಲಿಲ್ಲ.

ಅದಕ್ಕೇ ಜೈನಾಬ್ ಬೀ ಈ ಹಾಸಿನ ನೂಲಿಗೆ ಮೊದಲ ಸಲ ಡಬ್ಬಿ ಕೆಂಪು ಹಾಕಿದ್ದಳು. ಅದು ಮದ್ದೂರಿನ ಪೇಟೆಯಲ್ಲಿ ಸಿಗುತ್ತಿತ್ತು. ಹಡಗಿನಲ್ಲಿ ಬಂದದ್ದು ಅನ್ನುತ್ತಿದ್ದರು, ಡಬ್ಬಿಯ ಮೇಲೆ ಹುಲಿಯ ಚಿತ್ರ. ಒಳಗೆ ಇಟ್ಟಿಗೆಯ ಹುಡಿಯಂಥ ಪುಡಿ. ನೋಡಿದರೆ ಇದರಲ್ಲೇನು ಬಣ್ಣವಿದೆ ಅನ್ನಿಸಬೇಕು. ಬಿಸಿ ನೀರಿಗೆ ಒಂದು ಚಿಟಿಕೆ ಬಿದ್ದರೆ ಹಂಡೆಯೆಲ್ಲ ರಕ್ತ. ಪಟಿಕ ಬೇಡ, ಅಳಲೆಕಾಯಿ ಬೇಡ. ಬರೀ ಹತ್ತಿ ನೂಲನ್ನು ನೇರವಾಗಿ ಇಳಿಸಿದರೆ ಹಸಿದವರು ಅನ್ನಕ್ಕೆ ಕೈ ಹಾಕಿದ ಹಾಗೆ ಎಳೆದುಕೊಳ್ಳುತ್ತದೆ. ಜೊತೆಗೆ ಸ್ವಲ್ಪ ಸೋಡಾ, ಕೊನೆಗೆ ಹಿಡಿ ಉಪ್ಪು. ಉಪ್ಪು ಬಿದ್ದೊಡನೆ ನೀರಿನಲ್ಲಿ ಉಳಿದ ಬಣ್ಣವೂ ನೂಲಿಗೆ ಹೋಗಿ ಕೂರುತ್ತದೆ. ಬೆಳಿಗ್ಗೆ ಒಲೆ ಹಚ್ಚಿದರೆ ಮಧ್ಯಾಹ್ನಕ್ಕೆ ನೂಲು ಹಗ್ಗದ ಮೇಲೆ.

ಅದರ ಕುಂದುಗಳನ್ನು ಜೈನಾಬ್ ಬೀ ಮುಚ್ಚಿಟ್ಟಿರಲಿಲ್ಲ. ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆ, ಬಿಳಿ ಬಟ್ಟೆಯ ಜೊತೆ ನೆನೆಸಬೇಡಿ. ಬಿಸಿಲಿನಲ್ಲಿ ಬಿಟ್ಟರೆ ಮಂಕಾಗುತ್ತದೆ, ನೆರಳಿನಲ್ಲಿ ಹರವಿ. ಇವೆರಡನ್ನೂ ಬೀದಿಯವರಿಗೆ ಬಾಯಿಬಿಟ್ಟು ಹೇಳಿಯೇ ಕೊಟ್ಟಿದ್ದಳು. ಕಪ್ಪಾಗುತ್ತದೆ ಎಂದು ಹೇಳಿರಲಿಲ್ಲ, ಏಕೆಂದರೆ ಅವಳೇ ಕಂಡಿರಲಿಲ್ಲ.

ಹಿತ್ತಲಿಗೆ ಬಂದವಳೇ ಹಗ್ಗದ ಮೇಲೆ ಉಳಿದಿದ್ದ ಲಡಿಯನ್ನು ಎಳೆದು ನೋಡಿದಳು. ಅದೇ ಹಂಡೆಯಲ್ಲಿ, ಅದೇ ನೀರಿನಲ್ಲಿ, ಕರಿಯಯ್ಯನ ನೂಲಿನ ಜೊತೆಯಲ್ಲೇ ಅದ್ದಿದ್ದು. ದಾಸವಾಳದ ಹಾಗಿತ್ತು. ಸೆರಗಿನ ಗಂಟು ಬಿಚ್ಚಿ ಕಪ್ಪು ಎಳೆಗಳನ್ನು ಅದರ ಪಕ್ಕಕ್ಕೆ ಹಿಡಿದಳು. ಎರಡೂ ಒಂದೇ ಹಂಡೆಯ ಹೊಟ್ಟೆಯಲ್ಲಿ ಹುಟ್ಟಿದವು ಅಂದರೆ ಯಾರೂ ನಂಬಲಾರರು.

"ಅಮ್ಮೀ, ಸಾಕು," ಎಂದಳು ಸುಲ್ತಾನ್ ಬೀ. "ಕಿರುಗಾವಲಿಗೆ ಹೋಗೋಣ. ಮಾಮು ಬೀಡಿ ಎಲೆ ಕೊಡ್ತೀನಿ ಅಂದಿದ್ದಾರೆ. ಕೂತ ಕಡೆ ಸುತ್ತಬಹುದು. ಯಾರ ಮಾತೂ ಕೇಳೋ ಹಂಗಿಲ್ಲ."

"ಸುತ್ತು. ನಾನು ಬೇಡ ಅಂದ್ನಾ? ಮೊದಲು ಈ ಬಿಂದಿಗೆ ತಗೊಂಡು ಹೋಗಿ ಮಗ್ಗದ ಬೀದಿ ಬಾವಿ ನೀರು ತಾ."

"ಅವರು ನಗ್ತಾರೆ."

"ನಗ್ಲಿ. ನಗೋರು ನೀರು ಸೇದಿ ಹಾಕಲ್ಲ ಅಂತ ಎಲ್ಲಾದ್ರೂ ಇದ್ಯಾ?"

ಆ ಬಾವಿಯಲ್ಲಿ ಸುಲ್ತಾನ್ ಬೀ ತಾನೇ ಸೇದುವಂತಿರಲಿಲ್ಲ. ಯಾರೋ ಸೇದಿ ಬಿಂದಿಗೆಗೆ ಸುರಿದರು, ನಗುತ್ತಲೇ ಸುರಿದರು. ಜೈನಾಬ್ ಬೀ ಕೆಂಪು ಲಡಿಯಿಂದ ಒಂದೆಳೆ ಕಿತ್ತು ಆ ನೀರಿಗೆ ಹಾಕಿದಳು. ಕೆಂಪು ಹಾಗೇ ಇತ್ತು. ಇನ್ನೊಂದೆಳೆಯನ್ನು ಬಿಸಿಲಿಗೆ ಹಾಕಿದಳು, ಮತ್ತೊಂದನ್ನು ಒಲೆಯ ಹೊಗೆಗೆ ಹಿಡಿದಳು. ಎರಡೂ ಕೆಂಪು.

ಆಗ ಅವಳಿಗೆ ಕಬ್ಬಿಣ ಹೊಳೆಯಿತು. ಗಂಡನ ಜೊತೆ ಅಷ್ಟು ವರ್ಷ ಹಂಡೆ ಕಲಕಿದವಳು. ಅಳಲೆಕಾಯಿ ಕುಡಿದ ನೂಲಿಗೆ ತುಕ್ಕಿನ ನೀರು ತಾಕಿದರೆ ಮಸಿಯಾಗುತ್ತದೆ, ಅದಕ್ಕೇ ಅವರು ಹಂಡೆಯ ಹತ್ತಿರ ಒಂದು ಮೊಳೆಯನ್ನೂ ಇಡಗೊಡುತ್ತಿರಲಿಲ್ಲ. ಬೀದಿಯವರು ಗಂಜಿ ಕಾಯಿಸಿದ್ದು ಕಬ್ಬಿಣದ ಬಾಣಲೆಯಲ್ಲೇ ಇರಬೇಕು! ಅವಳ ಎದೆ ಹಗುರಾಯಿತು. ಎತ್ತಿನ ಗೊರಸಿನಿಂದ ಕಳಚಿ ಬಿದ್ದಿದ್ದ ಒಂದು ಹಳೆಯ ಲಾಳವನ್ನು ಹುಡುಕಿ ತಂದು ನೀರಿನಲ್ಲಿ ನೆನೆಸಿ, ನೀರು ಕಂದಾದ ಮೇಲೆ ಕೆಂಪು ಎಳೆಯನ್ನು ಇಳಿಬಿಟ್ಟು ಎದುರಿಗೇ ಕುಕ್ಕರುಗಾಲಿನಲ್ಲಿ ಕೂತಳು.

ಕೂತೇ ಇದ್ದಳು. ಎಳೆ ಕೆಂಪಾಗೇ ಇತ್ತು. ಹಳೆಯ ಬಣ್ಣದ ಬುದ್ಧಿ ಹೊಸ ಬಣ್ಣಕ್ಕೆ ನಡೆಯಲಿಲ್ಲ.

"ಗಫಾರ್ ಹಸಿವು ಅಂತಾನೆ," ಎಂದು ಒಳಗಿನಿಂದ ಸುಲ್ತಾನ್ ಬೀ ತನ್ನ ತಮ್ಮನ ಪರವಾಗಿ ಕೂಗಿದಳು.

ಹಾಸು ಕೆಟ್ಟರೂ ಒಲೆ ಆರಿದರೂ ಮಕ್ಕಳ ಹೊಟ್ಟೆ ಹೊತ್ತಿಗೆ ಸರಿಯಾಗಿ ಕೇಳುತ್ತದೆ. ಜೈನಾಬ್ ಬೀ ಎದ್ದು ಒಳಗೆ ಹೋಗಿ ಬೇಳೆ ಬೆಂದಿದೆಯೇ ನೋಡಿದಳು. ನೆನೆಸಿಟ್ಟಿದ್ದ ಹುಣಸೆಹಣ್ಣಿಗೆ ಕೈ ಹಾಕಿ ಕಿವುಚಿದಳು. ಮನಸ್ಸು ಇನ್ನೂ ಲಾಳದ ಹತ್ತಿರವೇ ಇತ್ತು. ನಾರು ಹಿಂಡಿ ಎಸೆಯಲು ಕೈ ಎತ್ತಿದಾಗ ಕಿಟಕಿಯ ಬೆಳಕು ಬೆರಳುಗಳ ಮೇಲೆ ಬಿತ್ತು.

ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಉಗುರಿನ ಸಂದಿಯಲ್ಲಿ ಮಸಿ. ಅಂಗೈ ಮಾತ್ರ, ಹುಣಸೆ ತಾಕದ ಕಡೆ, ಕೆಂಪು.

ಅವಳು ಇದನ್ನು ಮೊದಲ ಸಲ ಕಂಡದ್ದಲ್ಲ. ಡಬ್ಬಿ ಕೆಂಪು ಮನೆಗೆ ಬಂದಾಗಿನಿಂದ ಸಾರು ಮಾಡಿದಾಗೆಲ್ಲ ಕಂಡಿದ್ದಳು. ಹುಣಸೆಯ ಕೊಳೆ ಅಂದುಕೊಳ್ಳುತ್ತಿದ್ದಳು. ಊಟವಾದ ಮೇಲೆ ಬೂದಿ ಹಾಕಿ ಪಾತ್ರೆ ತಿಕ್ಕುವಾಗ ಕೈ ತಾನಾಗಿ ಕೆಂಪಾಗುತ್ತಿತ್ತು, ಕೊಳೆ ಹೋಯಿತು ಅಂದುಕೊಳ್ಳುತ್ತಿದ್ದಳು. ದುಡಿಯುವ ಹೆಂಗಸು ತನ್ನ ಕೈಯನ್ನು ಎಂದು ಕೂತು ನೋಡಿಕೊಂಡಾಳು?

"ಸುಲ್ತಾನ್, ಕೆಂಪು ಎಳೆ ತಾ. ಆ ಕಪ್ಪು ಎಳೇನೂ ತಾ. ಬೂದಿ ನೀರು ಬಸಿ."

"ಸಾರು?"

"ಸಾರು ಕಾಯ್ಲಿ!"

ಕೆಂಪು ಎಳೆ ಹುಣಸೆ ನೀರಿನಲ್ಲಿ ಮುಳುಗಿದ ಕೂಡಲೇ ನೇರಳೆಯಾಯಿತು, ಇನ್ನಷ್ಟು ಬಿಟ್ಟರೆ ನೀಲಿಗಪ್ಪು. ಬೀದಿಯಿಂದ ತಂದ ಕಪ್ಪು ಎಳೆಯನ್ನು ಬೂದಿಯ ತಿಳಿನೀರಿನಲ್ಲಿ ಬಿಟ್ಟಳು. ಮೋಡದ ಹಿಂದಿನಿಂದ ಸೂರ್ಯ ಬಂದ ಹಾಗೆ ಕೆಂಪು ಮೇಲೆದ್ದು ಬಂತು. ಮತ್ತೆ ಹುಣಸೆಗೆ ಹಾಕಿದಳು, ಕಪ್ಪು. ಮತ್ತೆ ಬೂದಿಗೆ, ಕೆಂಪು. ಸುಲ್ತಾನ್ ಬೀ ಬೀಡಿಯ ಮಾತು ಬಿಟ್ಟು ಬಾಯಿ ತೆರೆದು ನೋಡುತ್ತಾ ನಿಂತಳು.

"ಹುಳಿ," ಎಂದಳು ಜೈನಾಬ್ ಬೀ. "ಇದಕ್ಕೆ ಹುಳಿ ಆಗಲ್ಲ."

"ಆದ್ರೆ ಹಾಸಿನ ನೂಲಿಗೆ ಯಾರು ಹುಣಸೆಹಣ್ಣು ಹಾಕ್ತಾರೆ, ಅಮ್ಮೀ?"

ಕೇಳಿದವಳಿಗೂ ಕೇಳಿಸಿಕೊಂಡವಳಿಗೂ ಉತ್ತರ ಒಟ್ಟಿಗೇ ಹೊಳೆಯಿತು. ಚಿಕ್ಕಬೋರಮ್ಮನ ಗಡಿಗೆ.

ಆ ಗಡಿಗೆಯ ವಿಷಯ ಮಳವಳ್ಳಿಯಲ್ಲಿ ಗೊತ್ತಿಲ್ಲದವರಿಲ್ಲ. ಆತಗೂರಿನ ಕಡೆಯಿಂದ ಮದುವೆಯಾಗಿ ಬಂದಾಗ ಮುದುಕಿ ತವರಿನ ಗಂಜಿಯನ್ನು ಒಂದು ಕುಡಿಕೆಯಲ್ಲಿ ತಂದಿದ್ದಳು. ಅವತ್ತಿನಿಂದ ಅದು ಬರಿದಾಗಿಲ್ಲ. ದಿನಾ ಸಂಜೆ ಅಕ್ಕಿ ಗಂಜಿಯನ್ನು ಹಳೆಯದರ ಮೇಲೆ ಸುರಿಯುವುದು, ಬೆಳಿಗ್ಗೆ ಹುಳಿ ಬಂದದ್ದನ್ನು ಹಾಸಿಗೆ ಕುಡಿಸುವುದು, ತಳದಲ್ಲಿ ಒಂದಿಷ್ಟು ಉಳಿಸುವುದು. ಗಡಿಗೆ ಬಿರುಕು ಬಿಟ್ಟರೆ ಉಳಿದದ್ದನ್ನು ಹೊಸದಕ್ಕೆ ಬಗ್ಗಿಸಿ ಆಮೇಲೆ ಹಳೆಯದನ್ನು ಒಡೆಯುವುದು. ಆ ಹುಳಿ ಕುಡಿದ ಎಳೆ ತಂತಿಯ ಹಾಗೆ ನಿಲ್ಲುತ್ತದೆಂದು ಇಡೀ ಬೀದಿ ಅವಳಲ್ಲಿಗೇ ಬಂದು ಸೌಟು ಹಿಡಿಯುತ್ತಿತ್ತು. ಬೇರಿನ ಕೆಂಪು ಅದನ್ನು ಕುಡಿದು ಒಂದು ದಿನವೂ ಮುಖ ಕಪ್ಪು ಮಾಡಿಕೊಂಡಿರಲಿಲ್ಲ. ಹಾಗಾಗಿ ಗಂಜಿಯನ್ನು ಅನುಮಾನಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

"ಗಡಿಗೆ ಹೆಸರೆತ್ತಿದ್ರೆ ಅಜ್ಜಿ ಸುಮ್ನೆ ಬಿಡ್ತಾಳಾ?"

"ಬಿಡದೆ ಕಚ್ತಾಳಾ? ಹಲ್ಲೇ ಇಲ್ಲ." ಜೈನಾಬ್ ಬೀ ಆಗಲೇ ದೊಡ್ಡ ಬಿಂದಿಗೆಗೆ ಬೂದಿ ಸುರಿಯುತ್ತಿದ್ದಳು. "ಮಕ್ಕಳಿಗೆ ಬಡಿಸು. ಈ ನೀರು ತಿಳಿಯಾದ ಕೂಡಲೇ ಹೋಗೋಣ."

ಅವರು ಹೋದಾಗ ಬಿಸಿಲು ಇಳಿದಿತ್ತು. ಹಾಸು ಇನ್ನೂ ಗೂಟಗಳ ನಡುವೆ ಕಪ್ಪಾಗಿ ಬಿಗಿದು ನಿಂತಿತ್ತು. ಕರಿಯಯ್ಯನ ಮನೆಯ ಮುಂದೆ ಗಾಡಿಗೆ ಅರ್ಧ ಮೂಟೆಗಳು ಏರಿದ್ದವು. ಸೊಂಟದ ಮೇಲೆ ಬಿಂದಿಗೆ ಹೊತ್ತು ಬಂದ ಜೈನಾಬ್ ಬೀಯನ್ನು ಕಂಡು ಒಬ್ಬೊಬ್ಬರೇ ಹೊರಗೆ ಬಂದರು.

"ಬಂದಾ? ಏನ್ ಕಂಡ್ಕೊಂಡೆ?" ಎಂದ ಕರಿಯಯ್ಯ.

"ಅವ್ವನ ಗಂಜಿ ತಾಕಿ ಬಣ್ಣ ತಿರುಗಿದೆ."

ಚಿಕ್ಕಬೋರಮ್ಮ ಜಗಲಿಯಿಂದ ನಿಧಾನವಾಗಿ ಎದ್ದಳು.

"ಏನಂದೆ? ನನ್ನ ಗಡಿಗೆ ಮ್ಯಾಲೆ ಆಡ್ತೀಯಾ? ನಾನು ಸೊಸೆಯಾಗಿ ಬಂದಾಗೂ ಇದೇ ಗಂಜಿ, ಇವನು ಉಟ್ದಾಗೂ ಇದೇ ಗಂಜಿ. ಒಂದು ದಿನ ಒಂದು ಎಳೆ ಕೆಟ್ಟಿಲ್ಲ. ನಿನ್ನ ಸೀಮೆ ಡಬ್ಬಿ ಬಂದು ಎಷ್ಟು ದಿನ ಆಯ್ತು?"

"ಕೂಗಬೇಡಿ ಅವ್ವ. ಒಂದು ಸೌಟು ಗಂಜಿ ಕೊಡಿ, ತೋರಿಸ್ತೀನಿ."

"ನೀನು ನನ್ನ ಗಡಿಗೆ ಮುಟ್ಟಂಗಿಲ್ಲ."

"ನಾನು ಮುಟ್ಟಲ್ಲ. ನೀವೇ ಅದ್ದಿ." ಸೊಂಟಕ್ಕೆ ಸಿಕ್ಕಿಸಿದ್ದ ಕೆಂಪು ಲಡಿಯಿಂದ ಒಂದೆಳೆ ಎಳೆದು ಜಗಲಿಯ ಅಂಚಿನ ಮೇಲಿಟ್ಟು ಹಿಂದೆ ಸರಿದಳು. "ನಿಮ್ಮ ಕೈ, ನಿಮ್ಮ ಗಡಿಗೆ. ನನ್ನ ಮಾತು ನಂಬಬೇಡಿ."

ಮುದುಕಿ ಆ ಎಳೆಯನ್ನು ನೋಡಿದಳು, ಸುತ್ತ ನಿಂತವರನ್ನು ನೋಡಿದಳು. ಬೇಡ ಅನ್ನುವುದಕ್ಕೆ ಈಗ ದಾರಿ ಇರಲಿಲ್ಲ. ಎಳೆಯನ್ನು ತಗೊಂಡು ಗಡಿಗೆಯಲ್ಲಿ ಅದ್ದಿ ಕಣ್ಣಿನ ಹತ್ತಿರಕ್ಕೆ ತಂದಳು. ಬೆರಳಿನ ನಡುವೆ ಕೆಂಪು ಕುಗ್ಗುತ್ತಾ ಕುಗ್ಗುತ್ತಾ ನೇರಳೆಯಾಗಿ ಕಪ್ಪಿಗೆ ತಿರುಗುವುದನ್ನು ಎಲ್ಲರೂ ಕಂಡರು.

ಅವಳು ಸೋತು ಕೂರುತ್ತಾಳೆ ಎಂದುಕೊಂಡವರಿಗೆ ಚಿಕ್ಕಬೋರಮ್ಮನ ಗುರುತೇ ಇರಲಿಲ್ಲ.

"ಆಯ್ತು, ಕರ್ರಗಾಯ್ತು. ಅದ್ಕೆ? ಗಂಜಿಗೆ ಎದ್ರೋ ಬಣ್ಣ ಎಂಥಾ ಬಣ್ಣ? ಮಗ್ಗದ ಮನೆಗೆ ಬರೋ ಬಣ್ಣ ಗಂಜಿ ಕುಡೀದೆ ಇದ್ದಾತಾ? ತಪ್ಪು ಗಡಿಗೇದಾ, ಬಣ್ಣದ್ದಾ?"

"ಅವ್ವ ಏಳೋದು ಸರಿ," ಎಂದರು ಒಂದಿಬ್ಬರು.

ಜೈನಾಬ್ ಬೀ ಬಿಂದಿಗೆಯನ್ನು ಕೆಳಗಿಟ್ಟಳು. ಮಗಳು ಹಿಂದಿನಿಂದ ಸೆರಗು ಜಗ್ಗಿದಳು, ಸಾಕು ಹೋಗೋಣ ಎನ್ನುವ ಹಾಗೆ. ಅವಳು ಕದಲಲಿಲ್ಲ.

"ಬಣ್ಣದ್ದೇ, ಅವ್ವ. ಇದಕ್ಕೆ ಹುಳಿ ಆಗಲ್ಲ, ನನಗೆ ಅದು ಗೊತ್ತಿರ್ಲಿಲ್ಲ. ಗೊತ್ತು ಮಾಡ್ಕೊಂಡು ಕೊಡಬೇಕಿತ್ತು, ಆ ತಪ್ಪು ನಂದು. ಅದನ್ನ ಎಲ್ಲರ ಮುಂದೆ ಒಪ್ಕೊಂಡೆ. ಆದ್ರೆ ಬಣ್ಣ ನೂಲಲ್ಲೇ ಇದೆ, ಎಲ್ಲೂ ಹೋಗಿಲ್ಲ. ಇದು ಬೂದಿ ತಿಳಿ. ಕರಿಯಣ್ಣ, ಕುಂಚ ತಗೊಳ್ಳಿ. ಹಾಸು ಕೆಂಪಾಗುತ್ತೆ."

ಕರಿಯಯ್ಯ ಬಿಂದಿಗೆಯೊಳಗೆ ಬಗ್ಗಿ ನೋಡಿದ. ಅವನ ಭಯ ಬೇರೆಯದು.

"ಒಣಗಿರೋ ಆಸಿಗೆ ಮತ್ತೆ ನೀರು ಕುಡ್ಸಿದ್ರೆ ಗಂಜಿ ಬುಟ್ಕತದೆ. ಎಳೆ ಎಳೆ ಅಂಟ್ಕಂಡು ಮಗ್ಗಕ್ಕೇ ಏರಕ್ಕಿಲ್ಲ. ಕರ್ರಗಾದ್ರೂ ಇದು ನೂಲು ಕಣಮ್ಮ. ನೀನು ಏಳ್ದಂಗೆ ಮಾಡಿ ಗಂಟಾದ್ರೆ ಕಾಲು ಒರಸ್ಕಳಕ್ಕೂ ಬರಕ್ಕಿಲ್ಲ."

"ನೆನೆಸಬೇಡಿ. ಕುಂಚ ಅದ್ದಿ, ಕೊಡವಿ, ಸವರಿ ಅಷ್ಟೇ. ಹಿಂದೇನೇ ಇನ್ನೊಬ್ರು ಒಣ ಕುಂಚದಲ್ಲಿ ಎಳೆ ಬ್ಯಾರೆ ಮಾಡ್ತಾ ಬರ್ಲಿ."

ಅವನು ಕುಂಚ ಮುಟ್ಟಲಿಲ್ಲ. ಆಗ ಬಾಗಿಲ ಹಿಂದಿನಿಂದ ಬೆಳ್ಳಮ್ಮನ ದನಿ ಬಂತು. ಮದುಮಗಳು ಹೊರಗೆ ಬರಬಾರದೆಂದು ಅಜ್ಜಿ ಬೆಳಿಗ್ಗೆಯಿಂದ ಒಳಗೇ ಕೂರಿಸಿದ್ದಳು.

"ಅಪ್ಪ, ಇಂಗೇ ಇದ್ರೂ ನಾನೇನು ಅದ್ನ ಉಡಕ್ಕಿಲ್ಲ. ಓದ್ರೆ ಓಗ್ಲಿ. ಎಳಿ."

"ನೀನು ಸುಮ್ಕಿರಮ್ಮಿ," ಎಂದಳು ಅಜ್ಜಿ.

"ಉಡೋಳು ನಾನು ಕಣಜ್ಜಿ."

ಯಾರೋ ಕಿಸಕ್ಕೆಂದರು. ಕರಿಯಯ್ಯ ಪಂಚೆ ಎತ್ತಿ ಕಟ್ಟಿ ಕುಂಚ ತಗೊಂಡ. ಬೂದಿ ನೀರಿನಲ್ಲಿ ಅದ್ದಿ, ಎರಡು ಸಲ ಕೊಡವಿ, ಬೆಳಿಗ್ಗೆ ಶುರು ಮಾಡಿದ್ದ ಗೂಟದ ಹತ್ತಿರವೇ ನಿಂತು ಮೊದಲ ಎಳೆತ ಎಳೆದ.

ಏನೂ ಆಗಲಿಲ್ಲ. ಕಪ್ಪು ನೂಲು ಒದ್ದೆಯಾಗಿ ಇನ್ನೂ ಕಪ್ಪಾಯಿತು. ಜೈನಾಬ್ ಬೀ ಹತ್ತಿರ ಬಂದು ಬಗ್ಗಿ ನೋಡಿದಳು. ಮನೆಯಲ್ಲಿ ಎಳೆಯನ್ನು ಬಟ್ಟಲಿನಲ್ಲಿ ಮುಳುಗಿಸಿದ್ದಳು, ಇಲ್ಲಿ ಹುಳಿ ಗಂಜಿ ದಪ್ಪಗೆ ಕೂತು ಒಣಗಿದೆ. ತಿಳಿನೀರು ಅದರೊಳಗೆ ಇಳಿಯಬೇಡವೇ?

"ಇನ್ನೊಂದು ಸಲ," ಎಂದಳು.

"ಅಂಟ್ಕತದೆ ಕಣಮ್ಮ."

"ಇನ್ನೊಂದೇ ಸಲ, ಕರಿಯಣ್ಣ. ಅಂಟ್ಕೊಂಡ್ರೆ ನಾಳೆ ಆ ಗಾಡಿ ಹೊಡೆಯೋಕೆ ನಾನೇ ಬತ್ತೀನಿ."

ಅವನು ಮತ್ತೆ ಎಳೆದ. ಈ ಸಲ ಕುಂಚದ ಹಿಂದೆ ಕಂದು ಬಣ್ಣ ಕಾಣಿಸಿತು, ಕಂದಿನ ಒಳಗಿನಿಂದ ಇಟ್ಟಿಗೆಯ ಬಣ್ಣ, ನೋಡು ನೋಡುತ್ತಿದ್ದಂತೆ ಕೆಂಪು. ಬೆಳಿಗ್ಗೆ ಹೋದ ಹಾಗೇ, ಗೇಣುಗೇಣಾಗಿ, ಕುಂಚದ ಬೆನ್ನು ಹಿಡಿದು ಕೆಂಪು ವಾಪಸು ಬರುತ್ತಿತ್ತು. ಕರಿಯಯ್ಯನ ಹೆಜ್ಜೆ ಬಿರುಸಾಯಿತು. ಒಣ ಕುಂಚ ಹಿಡಿದು ಹಿಂದೆ ಬರುತ್ತಿದ್ದವನಿಗೆ "ಬಾರ್ಲಾ ಬಿರ್ರನೆ, ಅಂಟ್ಕತದೆ!" ಎಂದು ಗದರುತ್ತಾ ಬೀದಿಯ ನಡುವಿನವರೆಗೂ ಹೋದ.

"ಗೋಸುಂಬೆ ವಾಪಸ್ ಬತ್ತಾ ಐತಲ್ಲಾ!" ಎಂದು ಒಬ್ಬ ಕೂಗಿದ. ಬೆಳಿಗ್ಗೆ ನಕ್ಕವರೇ ಈಗಲೂ ನಕ್ಕರು, ನಗು ಮಾತ್ರ ಬೇರೆ ಥರದ್ದಾಗಿತ್ತು.

ಆ ತುದಿಯ ಗೂಟ ಮುಟ್ಟುವಷ್ಟರಲ್ಲಿ ಹಾಸು ಕೆಂಪಾಗಿತ್ತು. ಎಲ್ಲ ಸರಿಯಾಯಿತು ಅನ್ನುವಂತಿರಲಿಲ್ಲ. ಮೊದಲ ಗೂಟದ ಹತ್ತಿರ, ಎರಡು ಸಲ ನೆನೆದ ಕಡೆ, ಎಳೆಗಳು ಅಂಟಿಕೊಂಡು ಬಿಡಿಸುವಾಗ ಒಂದಷ್ಟು ತುಂಡಾದವು. ಕರಿಯಯ್ಯ ಬೈದುಕೊಂಡೇ ಅವನ್ನು ಗಂಟು ಹಾಕಿದ. ಅಲ್ಲಿ ಒಂದು ಮೊಳದಷ್ಟು ಜಾಗ ಮಾಸಲಾಗಿಯೇ ಉಳಿಯಿತು.

"ಅದು ಮಗ್ಗದ ತಲೆಗೆ ಓಯ್ತದೆ, ಸೀರೆಗೆ ಬರಕ್ಕಿಲ್ಲ," ಎಂದ, ಯಾರೂ ಕೇಳದಿದ್ದರೂ. ಆಮೇಲೆ ಗಾಡಿಯ ಕಡೆ ನೋಡಿದ, ತಾಯಿಯ ಕಡೆ ನೋಡಿದ. ಯಜಮಾನಿಕೆ ಅವನದು. ಗಂಜಿ ಅವಳದು.

ಚಿಕ್ಕಬೋರಮ್ಮ ಕೋಲೂರಿಕೊಂಡು ಬಂದು ಹಾಸಿನ ಹತ್ತಿರ ಬಗ್ಗಿ ನೋಡಿದಳು. ಬೆರಳಿನಿಂದ ಒಂದೆಳೆ ಮಿಡಿದಳು.

"ಕೆಂಪಾಯ್ತು. ನಾನಿಲ್ಲ ಅನ್ನಕ್ಕಿಲ್ಲ. ಆದ್ರೆ ಬೂಬಮ್ಮ, ಮದ್ವೆ ಊಟ್ದಾಗೆ ಸಾರು ಚೆಲ್ಲಿದ್ರೆ?"

"ಕಲೆ ಆಗುತ್ತೆ. ಬೂದಿ ನೀರಲ್ಲಿ ಅದ್ದಿದ್ರೆ ಹೋಗುತ್ತೆ."

"ಸರಿ. ನಾಡಿದ್ದು ನೀನು ಇನ್ನೊಂದು ಡಬ್ಬಿ ತತ್ತೀಯ. ಅದು ಇನ್ಯಾವ್ದಕ್ಕೆ ಸಾಯ್ತದೋ, ನಿಂಗೊತ್ತಾ?"

"ಗೊತ್ತಿಲ್ಲ," ಎಂದಳು ಜೈನಾಬ್ ಬೀ. "ಬೇರಿನ ಬಣ್ಣದ ಗುಣ ನಮ್ಮ ಯಜಮಾನರಿಗೆ ಅವರಪ್ಪ ಹೇಳಿಕೊಟ್ಟಿದ್ರು. ಡಬ್ಬೀದು ಯಾರೂ ಹೇಳಲ್ಲ, ಮಾರೋನಿಗೇ ಗೊತ್ತಿಲ್ಲ. ನಾವೇ ನೋಡ್ಕೋಬೇಕು. ಅದಕ್ಕೇ ಕೇಳ್ತೀನಿ, ಅವ್ವ. ಇನ್ನು ಮೇಲೆ ಯಾವ ಹೊಸ ಬಣ್ಣ ಬಂದ್ರೂ ಹಂಡೆಗೆ ಹಾಕೋ ಮುಂಚೆ ಒಂದೆಳೆ ನಿಮ್ಮ ಹತ್ರ ತತ್ತೀನಿ. ನಿಮ್ಮ ಗಡಿಗೇಲಿ ನೀವೇ ಅದ್ದಿ. ತಡೆದ್ರೆ ಬೀದಿ ತಗೊಳ್ಲಿ. ತಡೀದಿದ್ರೆ ನಾನು ಅದ್ದಲ್ಲ."

ಮುದುಕಿ ಅವಳ ಮುಖವನ್ನೇ ನೋಡಿದಳು. ತನ್ನ ಗಡಿಗೆಯನ್ನು ಚೆಲ್ಲು ಎಂದು ಕೇಳುತ್ತಾಳೆಂದು ಕಾಯುತ್ತಿದ್ದಳೋ ಏನೋ.

"ಈ ಕೆಂಪೋ? ಮದ್ವೆ ಕಾಲ ಮುಗಿಯೋವರ್ಗೂ ಎಲ್ರೂ ಇದ್ನೇ ಕೇಳ್ತಾರೆ."

"ಕೆಂಪಿಗೆ ಬೇರೆ ಗಡಿಗೆ. ಅವತ್ತು ಕಾಯಿಸಿದ್ದು ಅವತ್ತಿಗೇ. ಹುಳಿ ಬರೋಕೆ ಬಿಡಬೇಡಿ. ಗಡಿಗೆ ನಾನೇ ತಂದುಕೊಡ್ತೀನಿ."

"ನೀನು ತಂದ ಗಡಿಗೆ ನನ್ನ ಅಡಿಗೆ ಮನೆಗೆ ಬರಕ್ಕಿಲ್ಲ."

ಜೈನಾಬ್ ಬೀ ಬಿಂದಿಗೆ ಎತ್ತಿಕೊಂಡಳು.

"ಜಗಲಿ ಮ್ಯಾಲೆ ಇರ್ಲಿ," ಎಂದಳು ಚಿಕ್ಕಬೋರಮ್ಮ. ಆಮೇಲೆ ಮಗನ ಕಡೆ ತಿರುಗಿ, "ಏನ್ಲಾ ನಿಂತ್ಕಂಡಿದ್ದೀಯ ಗರುಡಗಂಬದಂಗೆ? ಮೂಟೆ ಇಳ್ಸು. ಕೊಳ್ಳೇಗಾಲದೋರು ಯಾವ ಡಬ್ಬಿ ಆಕ್ತಾರೋ, ಅವ್ರು ಬಂದು ಇಂಗೆ ನಿಂತು ಉತ್ರ ಕೊಡ್ತಾರಾ?"

ಕರಿಯಯ್ಯ ಮೊದಲ ಮೂಟೆಯನ್ನು ತಾನೇ ಹೆಗಲಿಗೆ ಏರಿಸಿಕೊಂಡು ಬಣ್ಣದ ಮನೆಯ ಕಡೆ ಹೊರಟ.

ಮಾರನೆಯ ಬೆಳಿಗ್ಗೆ ಜೈನಾಬ್ ಬೀ ಮನೆಯಲ್ಲಿದ್ದ ಎಲ್ಲ ಡಬ್ಬಿಗಳಿಂದ ಒಂದೊಂದೆಳೆ ಅದ್ದಿಕೊಂಡು ಮಗ್ಗದ ಬೀದಿಗೆ ಹೋದಳು. ಕಂಕುಳಲ್ಲಿ ಹೊಸ ಗಡಿಗೆ. ಮುದುಕಿ ಆಗಲೇ ಜಗಲಿಯಲ್ಲಿ ಕಾದಿದ್ದಳು. ಎಳೆಗಳನ್ನು ಒಂದೊಂದಾಗಿ ತನ್ನ ಹಳೆಯ ಗಡಿಗೆಯಲ್ಲಿ ಅದ್ದಿ, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. ಹಳದಿ ತಡೆಯಿತು. ಹಸಿರು ತಡೆಯಿತು. ಗುಲಾಬಿ ಎಳೆ ಗಂಜಿಯಲ್ಲೇ ಅರ್ಧ ಬಣ್ಣ ಬಿಟ್ಟುಕೊಂಡಿತು.

"ಇದು ಬ್ಯಾಡ," ಎಂದಳು ಚಿಕ್ಕಬೋರಮ್ಮ.

"ಬೇಡ," ಎಂದಳು ಜೈನಾಬ್ ಬೀ.

ಅವಳು ಮನೆಗೆ ವಾಪಸು ಬಂದಾಗ ಹಿತ್ತಲಿನಿಂದ ಹೊಗೆ ಏಳುತ್ತಿತ್ತು. ಸುಲ್ತಾನ್ ಬೀ ಒಲೆ ಹಚ್ಚಿ, ಹಂಡೆಗೆ ನೀರು ತುಂಬಿ, ಕಣ್ಣು ಉಜ್ಜಿಕೊಳ್ಳುತ್ತಾ ಕೊಳವೆ ಊದುತ್ತಿದ್ದಳು. ಪಕ್ಕದಲ್ಲಿ ಬೀದಿಯ ಮೂಟೆಗಳು ಸಾಲಾಗಿ ಕೂತಿದ್ದವು.

"ಬೀಡಿ?" ಎಂದಳು ತಾಯಿ.

"ಆಮೇಲೆ ನೋಡೋಣ. ನೀರು ಕಾದಿದೆ, ಪುಡಿ ಹಾಕಮ್ಮೀ."